ಗೊಲೊಕ್ (ಇಂಡೊನೇಷ್ಯಾದ ಮಚ್ಚು) ನಿಜವಾಗಿ ಹಳೆಯದಾ, ಹಳೆಯದಾಗಿ ಮಾಡಿದ್ದಾ? ಅಲಗು ನೋಡಿ ಹೇಳೋದು ಹೇಗೆ

ಒರೆಗಲ್ಲು:
ಯುರೋಪಿನ ಒಂದು ಹರಾಜು ಪಟ್ಟಿಯಲ್ಲಿ "ಜಾವಾದ ಪುರಾತನ ಗೊಲೊಕ್, 19ನೇ ಶತಮಾನ" ಅಂತ ಒಂದು ಕತ್ತಿ ಹಾಕಿದ್ದಾರೆ. ಅಲಗು 36 ಸೆಂ.ಮೀ., ಹಿಡಿಯ ಹತ್ತಿರ ಬೆನ್ನಿನ ದಪ್ಪ 7 ಮಿ.ಮೀ., ಕಪ್ಪು ಎಮ್ಮೆ ಕೋಡಿನ ಹಿಡಿ, ಸೊನೊಕೆಲಿಂಗ್ ಮರದ ಒರೆ, ಒರೆಗೆ ಮೂರು ಬೆಳ್ಳಿ ಪಟ್ಟಿ. ಅಲಗಿನ ಒಂದು ಮಗ್ಗುಲಲ್ಲಿ ರೋಮನ್ ಅಕ್ಷರದಲ್ಲಿ ಊರಿನ ಹೆಸರು ಕೊರೆದಿದೆ: ಟಿ, ಜೆ, ಐ, ಬಿ, ಎ, ಟಿ, ಓ, ಇ. ಚಿತ್ರ ನಾಲ್ಕೇ ಕೊಟ್ಟಿದ್ದಾರೆ, ಎಲ್ಲಾ ದೂರದಿಂದ ತೆಗೆದದ್ದು. ಪ್ರಶ್ನೆ ಮೂರು. ಕಾಲ ಹೇಳೋದು ಹೇಗೆ? ಹರಾಜಿನವರ ಹತ್ತಿರ ಇನ್ನೇನು ಕೇಳಬೇಕು? ಬೆಂಗಳೂರಿಗೆ ತರಿಸಿದ್ರೆ ಕಸ್ಟಮ್ಸ್‌ನಲ್ಲಿ ಸಿಕ್ಕಿಬೀಳುತ್ತಾ?

ಕುಲುಮೆಕಟ್ಟೆ:
ಮೊದಲು ಬೆಳ್ಳಿ, ಕೋಡು, ಮರ ಎಲ್ಲಾ ಮರೆತುಬಿಡಿ. ಗೊಲೊಕ್ ದಿನಾ ಕೆಲಸಕ್ಕೆ ಬಳಸೋ ಕತ್ತಿ. ಹಿಡಿ ಒಡೆದ್ರೆ ಹೊಸ ಹಿಡಿ, ಒರೆ ಸೀಳಿದ್ರೆ ಹೊಸ ಒರೆ. ಹಳೇ ಅಲಗಿಗೆ ಹೊಸ ಉಡುಗೆ, ಹೊಸ ಅಲಗಿಗೆ ಹಳೇ ಉಡುಗೆ ಎರಡೂ ಮಾಮೂಲು. ಕಾಲ ಹೇಳೋದು ಅಲಗು ಮಾತ್ರ, ಅದರಲ್ಲೂ ಮೂರು ಜಾಗ: ಬಾಯಿ (ಹರಿತ ಅಂಚು), ಬೆನ್ನು (ಅದರ ಎದುರಿನ ದಪ್ಪ ಅಂಚು), ಹಿಡಿಯೊಳಗೆ ಹೋಗೋ ಕಡ್ಡಿ.

ಹಳೇ ಕ್ರಮದಲ್ಲಿ ಉಕ್ಕು ದುಬಾರಿ, ಕಬ್ಬಿಣ ಅಗ್ಗ. ಹಾಗಾಗಿ ಎರಡು ಪದರ ಮೆದು ಕಬ್ಬಿಣದ ನಡುವೆ ತೆಳು ಉಕ್ಕಿನ ಹಾಳೆ ಇಟ್ಟು ಕುಲುಮೆಯಲ್ಲಿ ಬೆಸೀತಿದ್ರು, ಹೋಳಿಗೆಯೊಳಗೆ ಹೂರಣ ಇದ್ದ ಹಾಗೆ. ಬಾಯಿಯ ಹತ್ತಿರ ಹೊರಗಿನ ಕಬ್ಬಿಣ ಸವೆದು ಒಳಗಿನ ಉಕ್ಕು ಹೊರಗೆ ಕಾಣುತ್ತೆ. ಹತ್ತು ಪಟ್ಟು ಭೂತಗನ್ನಡಿ ಹಿಡಿದು ನೋಡಿದ್ರೆ ಬಾಯಿಯಿಂದ ಅರ್ಧ, ಮುಕ್ಕಾಲು ಸೆಂಟಿಮೀಟರ್ ಮೇಲೆ ಅಂಕುಡೊಂಕಾದ ಒಂದು ಗೆರೆ ಸಿಗಬೇಕು. ಅದು ನೇರವಾಗಿ, ಎರಡೂ ಮಗ್ಗುಲಲ್ಲಿ ಒಂದೇ ಎತ್ತರಕ್ಕೆ ಇದ್ರೆ ಅನುಮಾನ ಪಡಿ. ಕೈಯಲ್ಲಿ ಬಡಿದದ್ದು ಅಷ್ಟು ಸಮ ಬರೋದಿಲ್ಲ. ಬೆನ್ನಿನ ಮೇಲೂ ಪದರದ ಗೆರೆ, ಬೆಸುಗೆ ಸರಿಯಾಗಿ ಕೂಡದ ಸಣ್ಣ ಕಪ್ಪು ಸೀಳು ಇರುತ್ತೆ. ಆ ಸೀಳು ಕಂಡರೆ ಖುಷಿಪಡಬೇಕು, ಬೆಲೆ ಇಳಿಸೋಕೆ ಹೋಗಬಾರದು.

ಮೋಟಾರು ಬಂಡಿಯ ಪಟ್ಟಿ ಸ್ಪ್ರಿಂಗ್‌ನಿಂದ ಮಾಡಿದ್ದಕ್ಕೆ ಪದರವೇ ಇರೋದಿಲ್ಲ, ಉದ್ದಕ್ಕೂ ಒಂದೇ ಉಕ್ಕು. ಬಡಿಯದೆ ಬರೀ ಕತ್ತರಿಸಿದ್ದಾದ್ರೆ ದಪ್ಪವೂ ಉದ್ದಕ್ಕೂ ಒಂದೇ. ಹರಾಜಿನವರಿಗೆ ಕ್ಯಾಲಿಪರ್ ಹಿಡಿದು ಬೆನ್ನಿನ ದಪ್ಪ ಮೂರು ಕಡೆ ಅಳೆಯೋಕೆ ಹೇಳಿ: ಹಿಡಿಯ ಹತ್ತಿರ, ನಡುವೆ, ತುದಿಯಿಂದ 3 ಸೆಂ.ಮೀ. ಹಿಂದೆ. 7, 5, 2.5 ಅಂತ ಇಳಿದ್ರೆ ಬಡಿದದ್ದು. 7, 7, 6.5 ಅಂದ್ರೆ ಪಟ್ಟಿ ಕತ್ತರಿಸಿ ಸಾಣೆ ಹಿಡಿದದ್ದು.

ಬೆಳ್ಳಿಕಡ್ಡಿ:
ಪಟ್ಟಿ ಮೂರು, ಬೆಲೆ ಮೂರು ಪಟ್ಟು. ಹರಾಜಿನ ಲೆಕ್ಕ ಅಷ್ಟೇ ಗುರು 😄

ಲೈಡನ್ ಕನ್ನಡಿಗ:
"ಜಾವಾದ" ಅನ್ನೋ ಪದ ಹರಾಜಿನವರು ದ್ವೀಪಕ್ಕೆ ಹೇಳ್ತಾರೆ, ಜನಾಂಗಕ್ಕಲ್ಲ. ಗೊಲೊಕ್ ಹೆಚ್ಚಾಗಿ ಪಶ್ಚಿಮ ಜಾವಾದ ಸುಂಡಾ ಜನರದ್ದು, ಬಂತೆನ್ ಕಡೆಯವರದ್ದು ಮತ್ತು ಜಕಾರ್ತ ಸುತ್ತಲಿನ ಬೆತಾವಿಗಳದ್ದು. ಸುಂಡಾದವರು ಬೆಡೊಗ್ ಅಂತಾರೆ. ಮಧ್ಯ ಜಾವಾಕ್ಕೆ ಹೋದ್ರೆ ಅಗಲ ಹೊಟ್ಟೆಯ ಬೆಂಡೊ, ಅರಮನೆಯವರು ಸೊಂಟಕ್ಕೆ ಸಿಕ್ಕಿಸ್ತಿದ್ದ ವೆಡುಂಗ್ ಸಿಗುತ್ತೆ. ಅವು ಬೇರೆ. ಬೋರ್ನಿಯೋದ ಮಂಡಾವ್ ಅಂತೂ ಒಂದು ಮಗ್ಗುಲು ಉಬ್ಬು, ಇನ್ನೊಂದು ತಗ್ಗು, ಕೈಗೆ ತಗೊಂಡ್ರೆ ಗೊತ್ತಾಗಿಬಿಡುತ್ತೆ. ಗೊಲೊಕ್ ಎರಡೂ ಮಗ್ಗುಲು ಉಬ್ಬಿಕೊಂಡು ಬಾಯಿಗೆ ಬರುತ್ತೆ, ಹಸಿಮರದಲ್ಲಿ ಸಿಕ್ಕಿಹಾಕಿಕೊಳ್ಳದೇ ಇರಲಿ ಅಂತ. ಅಲಗು ಸಾಮಾನ್ಯವಾಗಿ 25ರಿಂದ 50 ಸೆಂ.ಮೀ. ಒಳಗೆ.

ಪಟ್ಟಿ ನೋಡುವಾಗ ಉಪಯೋಗಕ್ಕೆ ಬರೋ ಸ್ಥಳೀಯ ಹೆಸರು ಕೆಲವು: ಹಿಡಿ ಪೆರಾಹ್, ಒರೆ ಸರಾಂಗ್ಕಾ, ಹಿಡಿಯ ಬುಡದ ಲೋಹದ ಬಳೆ ಬಾರ್ಲೆನ್, ಒರೆಯ ಪಟ್ಟಿ ಸಿಂಪಾಯ್, ಹಿಡಿಯೊಳಗಿನ ಕಡ್ಡಿ ಪಕ್ಸಿ. ಇಂಡೊನೇಷ್ಯಾದ ಮಾರಾಟಗಾರರು ಈ ಪದಗಳಲ್ಲೇ ವಿವರ ಹಾಕ್ತಾರೆ.

ಹೋಲಿಸಿ ನೋಡೋಕೆ ಅತ್ಯುತ್ತಮ ದಾರಿ ನೆದರ್‌ಲ್ಯಾಂಡ್ಸ್‌ನ ಸಂಗ್ರಹಾಲಯಗಳ ಆನ್‌ಲೈನ್ ಪಟ್ಟಿ. ಲೈಡನ್ನಿನ ಜನಾಂಗ ಸಂಗ್ರಹಾಲಯ, ಆಮ್‌ಸ್ಟರ್‌ಡ್ಯಾಮಿನ ಟ್ರೋಪನ್ ಎರಡೂ ಈಗ ವೇರೆಲ್ಡ್‌ಮ್ಯೂಸಿಯಂ ಅನ್ನೋ ಒಂದೇ ಹೆಸರಲ್ಲಿವೆ. ಪ್ರತಿ ವಸ್ತುವಿನ ಮುಂದೆ ಸಂಗ್ರಹಕ್ಕೆ ಬಂದ ವರ್ಷ ಇರುತ್ತೆ. ಒಂದು ಗೊಲೊಕ್ 1883ರಲ್ಲಿ ಒಳಗೆ ಬಂದಿದ್ರೆ ಅದು ಅದಕ್ಕಿಂತ ಹೊಸದಾಗಿರೋಕೆ ಸಾಧ್ಯವೇ ಇಲ್ಲ. ಅಂಥ ಹತ್ತು ಕತ್ತಿ ನೋಡಿದ್ರೆ ಕಣ್ಣಿಗೆ ಅಳತೆ ಸಿಗುತ್ತೆ. ಹರಾಜು ಪಟ್ಟಿಯ "19ನೇ ಶತಮಾನ" ಬರೀ ಆಸೆ.

ಅಚ್ಚುಮೊಳೆ:
ಆ ಅಕ್ಷರದ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ! ಅದೇ ಮುಖ್ಯ ಸುಳಿವು. ಊರು ಚಿಬಾತು, ಸುಕಾಬುಮಿ ಹತ್ತಿರ, ಕಮ್ಮಾರಿಕೆಗೆ ಹೆಸರಾದ ಹಳ್ಳಿ. (ಗರುತ್ ಕಡೆ ರೈಲು ನಿಲ್ದಾಣ ಇರೋ ಚಿಬಾತು ಬೇರೆ.) ಡಚ್ಚರ ಕಾಲದ ಬರಹದಲ್ಲಿ "ಚ" ಸದ್ದಿಗೆ ಟಿ-ಜೆ, "ಉ" ಸದ್ದಿಗೆ ಓ-ಇ. 1947ರಲ್ಲಿ ಓ-ಇ ಹೋಗಿ ಯು ಬಂತು. 1972ರಲ್ಲಿ ಟಿ-ಜೆ ಹೋಗಿ ಬರೀ ಸಿ ಬಂತು. ಅಂದ್ರೆ:

ಟಿ-ಜೆ ಮತ್ತು ಓ-ಇ ಎರಡೂ ಇದ್ರೆ 1947ಕ್ಕೂ ಹಿಂದಿನದು.
ಟಿ-ಜೆ ಇದ್ದು ಕೊನೆಗೆ ಯು ಇದ್ರೆ 1947ರಿಂದ 1972.
ಸಿ ಇದ್ರೆ 1972ರ ಈಚೆ.

ಸುಮೆಡಾಂಗ್ ಹತ್ತಿರದ ಚಿಕೆರುಹ್ ಹೆಸರು ಕೊರೆದ ಕತ್ತಿಗಳಿಗೂ ಇದೇ ಲೆಕ್ಕ.

ತುಕ್ಕುಪುರಾಣ:
@ಅಚ್ಚುಮೊಳೆ ಅಷ್ಟು ಸಲೀಸಲ್ರೀ. ಆ ಲೆಕ್ಕ ಒಂದೇ ದಿಕ್ಕಿಗೆ ನಡೀತದ. ಹೊಸ ಬರಹ ಇದ್ರ ಹಳೇದಲ್ಲ ಅನ್ನೋದು ಖರೆ. ಹಳೇ ಬರಹ ಇದ್ರ ಹಳೇದು ಅನ್ನೋದು ಖರೆ ಅಲ್ಲ. ಅಲ್ಲಿ ಜನ 1972 ಆದಮ್ಯಾಲೂ ತಮ್ಮ ಹೆಸರು ಓ-ಇ ಹಾಕ್ಕೊಂಡೇ ಬರದಾರ, ಅಲ್ಲಿ ಅಧ್ಯಕ್ಷರಾಗಿದ್ದ ಸುಹಾರ್ತೊ ಅವರ ಹೆಸರೇ ನೋಡ್ರಿ. ಅಕ್ಷರ ಕೊರೆಯೋದು ಅರ್ಧ ತಾಸಿನ ಕೆಲಸ, ಮೋಸಗಾರನಿಗೂ ಈ ಲೆಕ್ಕ ಗೊತ್ತದ.

ನೋಡಬೇಕಾದ್ದು ಅಕ್ಷರದ ತಳ. ಹಳೇ ಕೊರೆತದ ತಳದಾಗ ಅಲಗಿನ ಮೈಯಾಗ ಇರೋ ಕಪ್ಪೇ ಇರಬೇಕು. ತುಕ್ಕಿನ ಗುಳಿಯೊಂದು ಅಕ್ಷರದ ಗೆರಿ ತಿಂದು ಹೋಗಿದ್ರ ಅಕ್ಷರ ಮೊದಲು, ಗುಳಿ ಆಮ್ಯಾಲ, ಒಳ್ಳೇದು. ಗೆರಿ ಗುಳಿಯೊಳಗ ಇಳಿದು ಮತ್ತ ಮ್ಯಾಲೆ ಹತ್ತಿದ್ರ ಗುಳಿ ಮೊದಲು, ಅಕ್ಷರ ಈಚಿಂದು. ಇದಕ್ಕ ಓರೆ ಬೆಳಕಿನಾಗ ಹತ್ತಿರದಿಂದ ತೆಗೆದ ಒಂದು ಚಿತ್ರ ಸಾಕು.

ಅಚ್ಚುಮೊಳೆ:
ಒಂದೇ ದಿಕ್ಕು ಅನ್ನೋದು ಸರಿ. ಆದ್ರೂ "19ನೇ ಶತಮಾನ" ಅಂತ ಮಾರೋರ ಪಟ್ಟಿಯಲ್ಲಿ ಸಿ ಇರೋ ಅಲಗುಗಳನ್ನ ಒಂದು ನಿಮಿಷದಲ್ಲಿ ಹೊರಗೆ ಹಾಕಬಹುದಲ್ಲ, ಆ ಉಪಯೋಗ ಸಾಲದಾ?

ಮಲ್ನಾಡ್ ಮಚ್ಚು:
ನಮ್ಮ ಕೊಡಗಿನ ಒಡಿಕತ್ತಿಗೂ ಇದಕ್ಕೂ ಸಂಬಂಧ ಇದೆಯಾ? ಹೊಟ್ಟೆ ಆಕಾರ ಸ್ವಲ್ಪ ಹಾಗೇ ಕಾಣ್ಸುತ್ತೆ.

ಲೈಡನ್ ಕನ್ನಡಿಗ:
ಇಲ್ಲ. ಒಡಿಕತ್ತಿಯ ಬಾಯಿ ಒಳಬಾಗಿನ ಕಡೆಗೆ, ಬೆನ್ನಿಗೆ ತೊಡಂಗ್ ಅನ್ನೋ ಕೊಂಡಿಯಲ್ಲಿ ಸಿಕ್ಕಿಸ್ತಾರೆ, ಒರೆಯೇ ಇಲ್ಲ. ಗೊಲೊಕ್‌ನ ಬಾಯಿ ಹೊರಬಾಗಿನ ಕಡೆಗೆ ಅಥವಾ ನೇರ, ಮರದ ಒರೆ, ಸೊಂಟಕ್ಕೆ ಕಟ್ಟೋದು. ಕಾಡು ಸವರೋ ಕೆಲಸ ಒಂದೇ, ಅಷ್ಟೇ.

ರಾಜಿ ಎಚ್.:
ಸೊನೊಕೆಲಿಂಗ್ ಅಂದ್ರೆ ನಮ್ಮ ಬೀಟೆ ಮರವೇ, ಡಾಲ್‌ಬರ್ಜಿಯಾ ಲ್ಯಾಟಿಫೋಲಿಯಾ. ಜಾವಾದಲ್ಲೂ ಬೆಳೆಯುತ್ತೆ. 2017ರ ಜನವರಿಯಿಂದ ಈ ಕುಲ ಬಹುಪಾಲು ಸೈಟಿಸ್ ಒಪ್ಪಂದದ (ಅಪಾಯದಲ್ಲಿರೋ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಪಟ್ಟಿಯಲ್ಲಿದೆ (ಬ್ರೆಜಿಲ್‌ನ ಒಂದು ಜಾತಿ ಇನ್ನೂ ಕಟ್ಟುನಿಟ್ಟಾದ ಮೊದಲ ಪಟ್ಟಿಯಲ್ಲಿ). 2019ರ ಕೊನೆಯಲ್ಲಿ ಸಡಿಲಿಕೆ ಬಂತು: ತಯಾರಾದ ವಸ್ತುವಾದ್ರೆ ಒಂದು ರವಾನೆಯಲ್ಲಿ ಆ ಮರ 10 ಕೆ.ಜಿ. ಒಳಗಿದ್ರೆ ಪರವಾನಗಿ ಬೇಡ. ಒರೆ 200, 300 ಗ್ರಾಂ ಬರಬಹುದು, ಹಾಗಾಗಿ ಮರದಿಂದ ತೊಂದರೆ ಇಲ್ಲ. ಎಮ್ಮೆ ಕೋಡು ಸಾಕುಪ್ರಾಣಿಯದು, ಸೈಟಿಸ್‌ಗೆ ಬರೋಲ್ಲ. ಹಿಡಿ ಆನೆದಂತದ್ದಾದ್ರೆ ಮಾತ್ರ ಹತ್ತಿರವೂ ಸುಳಿಯಬೇಡಿ. ಜಿಂಕೆ ಕೊಂಬಾದ್ರೂ ಕಸ್ಟಮ್ಸ್‌ನಲ್ಲಿ ತಲೆನೋವು.

ಹೊಸಬ 2:
ಅದು ಬಿಡಿ, ಕತ್ತಿ ತರಿಸಬಹುದಾ? ಅದೇ ಅಲ್ವಾ ಪ್ರಶ್ನೆ.

ಕರಡು ವಕೀಲ:
ಶಸ್ತ್ರಾಸ್ತ್ರ ನಿಯಮಗಳು 2016ರ ಒಂದನೇ ಅನುಸೂಚಿ, ಐದನೇ ವರ್ಗ ನೋಡಿ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ರೆ ಆಯುಧ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಕೆಲಸಕ್ಕೆ ಅಂತಲೇ ಮಾಡಿದ್ದಕ್ಕೆ ವಿನಾಯಿತಿ. 36 ಸೆಂ.ಮೀ. ಅಂದ್ರೆ 14 ಇಂಚು ದಾಟಿತು. ಹಾಗಾಗಿ ಇಡೀ ವಾದ ನಿಲ್ಲೋದು "ಕೃಷಿ ಉಪಕರಣ" ಅನ್ನೋ ಒಂದೇ ಮಾತಿನ ಮೇಲೆ. ಬೆಳ್ಳಿ ಪಟ್ಟಿ, ಕೆತ್ತನೆ ಹಿಡಿ ಇರೋ ಗೊಲೊಕ್‌ಗೆ ಆ ಮಾತು ಹೇಳೋದು ಕಷ್ಟ. ದೇಶದೊಳಗೆ ಇಟ್ಟುಕೊಳ್ಳೋಕೆ ಲೈಸೆನ್ಸ್ ಬೇಕಾಗೋದು ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ, ಶಸ್ತ್ರಾಸ್ತ್ರ ಕಾಯ್ದೆಯ 4ನೇ ಕಲಂ. ಆಮದು ಬೇರೆ ವಿಷಯ, 10ನೇ ಕಲಂ, ಅದಕ್ಕೆ ಲೈಸೆನ್ಸ್ ಬೇಕು. ಎರಡನ್ನೂ ಬೆರೆಸಿ "ನಮ್ಮೂರಲ್ಲಿ ಲೈಸೆನ್ಸ್ ಬೇಡ, ಹಾಗಾಗಿ ತರಿಸಬಹುದು" ಅನ್ನೋರ ಮಾತು ಕೇಳಬೇಡಿ.

ಸುಂಕದ ಪಟ್ಟಿಯಲ್ಲೂ ಮೂರು ಬಾಗಿಲು. 8201 ಮರ ಕಡಿಯೋ ಕೈ ಉಪಕರಣ, 9307 ಖಡ್ಗದಂಥ ಆಯುಧ, 9706 ನೂರು ವರ್ಷ ದಾಟಿದ ಪುರಾತನ ವಸ್ತು. ಕೊನೇ ಬಾಗಿಲಿಗೆ ಹೋಗೋಕೆ ವಯಸ್ಸಿನ ಪುರಾವೆ ಬೇಕು. ಹರಾಜು ಪಟ್ಟಿಯ ಒಂದು ಸಾಲು ಸಾಲದು ಅಂತ ಅಧಿಕಾರಿ ಹೇಳಿದ್ರೆ ವಾದಿಸೋಕೆ ನಿಮ್ಮ ಹತ್ತಿರ ಏನೂ ಇರೋಲ್ಲ.

ಬೆಳ್ಳಿಕಡ್ಡಿ:
ಬಿಲ್ಲಿನಲ್ಲಿ "ತೋಟದ ಕತ್ತಿ" ಅಂತ ಬರೆಸಿದ್ರೆ ಆಯ್ತಪ್ಪ.

ಕರಡು ವಕೀಲ:
ಹರಾಜಿನಲ್ಲಿ "ಪುರಾತನ ಆಯುಧ" ಅಂತ ಕೊಂಡು ಬಿಲ್ಲಿನಲ್ಲಿ "ತೋಟದ ಕತ್ತಿ" ಅಂತ ಬರೆಸಿದ್ರೆ ಅದು ಸುಳ್ಳು ಘೋಷಣೆ. ಕಸ್ಟಮ್ಸ್ ಕಾಯ್ದೆ 1962ರ 111(ಎಂ) ಅಡಿ ಮುಟ್ಟುಗೋಲು. ಹರಾಜಿನ ಪುಟ ಎಲ್ಲರಿಗೂ ಕಾಣುತ್ತೆ, ಅಧಿಕಾರಿಗೂ ಕಾಣುತ್ತೆ. ತರಿಸೋ ಮೊದಲೇ ಲಿಖಿತವಾಗಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಇನ್ನೊಂದು: ನೂರು ವರ್ಷ ದಾಟಿದ ವಸ್ತು ಒಮ್ಮೆ ಒಳಗೆ ಬಂದ್ರೆ ಮತ್ತೆ ಹೊರಗೆ ಕಳಿಸುವಾಗ 1972ರ ಪ್ರಾಚ್ಯವಸ್ತು ಕಾಯ್ದೆ ಅಡ್ಡ ಬರುತ್ತೆ. ಮಾರಿ ಬೇರೆ ಕೊಳ್ಳೋಣ ಅನ್ನೋ ಲೆಕ್ಕ ಇದ್ರೆ ಈಗಲೇ ಯೋಚಿಸಿ.

ಲೈಡನ್ ಕನ್ನಡಿಗ:
ಇಂಡೊನೇಷ್ಯಾದಿಂದ ನೇರ ಕೊಳ್ಳೋರಿಗೂ ಒಂದು ಮಾತು. ಅಲ್ಲಿನ 2010ರ 11ನೇ ಸಂಖ್ಯೆಯ ಸಾಂಸ್ಕೃತಿಕ ಪರಂಪರೆ ಕಾಯ್ದೆಯಲ್ಲಿ ವಯಸ್ಸಿನ ಮಿತಿ 50 ವರ್ಷ, ನೂರಲ್ಲ. ಪರಂಪರೆಯ ವಸ್ತು ಅಂತಾದ್ರೆ ಅನುಮತಿ ಇಲ್ಲದೆ ದೇಶದ ಹೊರಗೆ ಹೋಗೋ ಹಾಗಿಲ್ಲ. "ಅಸಲಿ ಪುರಾತನ, ನಾಳೆಯೇ ಪಾರ್ಸೆಲ್" ಅನ್ನೋನು ಒಂದೋ ಕಾನೂನು ಮುರೀತಿದ್ದಾನೆ, ಇಲ್ಲ ಕತ್ತಿ ಹೊಸದು. ಎರಡನೆಯದೇ ಹೆಚ್ಚು. ಡಚ್ ಮನೆತನದ ಹಳೇ ಸಂಗ್ರಹದಿಂದ ಬಂದದ್ದು, ಕಾಗದ ಇರೋದು, ಆ ಲೆಕ್ಕದಲ್ಲಿ ವಾಸಿ.

ಅಂದಹಾಗೆ ಅಲ್ಲಿ ಚೂಪು ಆಯುಧಕ್ಕೆ 1951ರಲ್ಲಿ ಒಂದು ಕಾನೂನು ಬಂತು. ಅದರಲ್ಲಿ ಕೃಷಿ, ಮನೆಗೆಲಸದ ಕತ್ತಿ ಜೊತೆಗೆ ಪಿತ್ರಾರ್ಜಿತ ವಸ್ತು, ಹಳೇ ವಸ್ತು, "ಅದ್ಭುತ ವಸ್ತು" ಇವಕ್ಕೂ ವಿನಾಯಿತಿ ಕೊಟ್ಟಿದ್ರು. ಮಂತ್ರದ ಕತ್ತಿಗೂ ಕಾನೂನಿನಲ್ಲಿ ಜಾಗ!

ಗಾಳಿಮಾತು:
ಮಂತ್ರದ ಕತ್ತಿ ಅಂದ್ರೆ ಚಿಯೊಮಾಸ್‌ದೇ ಅಲ್ವಾ? ಅದಕ್ಕೇ ದುಬಾರಿ. ಉಲ್ಕೆ ಕಬ್ಬಿಣ ಹಾಕ್ತಾರೆ ಅಂತ ಓದಿದ್ದೆ.

ಕುಲುಮೆಕಟ್ಟೆ:
ಚಿಯೊಮಾಸ್ ಇರೋದು ಬಂತೆನ್‌ನ ಸೆರಾಂಗ್ ಜಿಲ್ಲೆಯಲ್ಲಿ. ಅಲ್ಲಿ ಕಿ ಡೆನೊಕ್ ಅನ್ನೋ ಹಳೇ ಸುತ್ತಿಗೆ ಇದೆ. ಪ್ರವಾದಿ ಹುಟ್ಟಿದ ಮೌಲಿದ್ ತಿಂಗಳಲ್ಲಿ ಅದರಿಂದ ಬಡಿದದ್ದೇ ನಿಜವಾದ ಚಿಯೊಮಾಸ್ ಅನ್ನೋದು ಅಲ್ಲಿನ ನಂಬಿಕೆ, ಆಚರಣೆ ಇವತ್ತಿಗೂ ನಡೆಯುತ್ತೆ. ಆದ್ರೆ ಸುತ್ತಿಗೆ ಅಲಗಿನ ಮೇಲೆ ಸಹಿ ಹಾಕಿ ಹೋಗೋದಿಲ್ಲ. ಬಂತೆನ್ ಕಡೆಯ ಯಾವ ಕತ್ತಿ ಸಿಕ್ಕರೂ ಚಿಯೊಮಾಸ್ ಅಂತ ಮಾರ್ತಾರೆ. ಊರಿನ ಹೆಸರಿಗೆ ದುಡ್ಡು ಕೊಡಬೇಡಿ, ಬೆಸುಗೆಗೆ ಕೊಡಿ.

ಉಲ್ಕೆ ವಿಷಯ ಕ್ರಿಸ್ ಕಠಾರಿಯ ಕಥೆ. ಪ್ರಂಬನಾನ್ ಹತ್ತಿರ ಬಿದ್ದ ಉಲ್ಕೆಯನ್ನ 18ನೇ ಶತಮಾನದ ಕೊನೆಯಲ್ಲಿ ಸುರಕರ್ತ ಅರಮನೆಗೆ ಸಾಗಿಸಿದ್ರು, ಅದರ ನಿಕ್ಕಲ್ ಇರೋ ಕಬ್ಬಿಣದಿಂದ ಅರಮನೆಯ ಕೆಲವು ಕ್ರಿಸ್‌ಗಳಿಗೆ ಬೆಳ್ಳಗಿನ ಪಾಮೊರ್ (ಪದರದ ಚಿತ್ತಾರ) ಬಂತು. ಮರ ಕಡಿಯೋ ಗೊಲೊಕ್‌ಗೆ ಅದನ್ನ ಯಾರು ಹಾಕ್ತಾರೆ? ಗೊಲೊಕ್‌ನಲ್ಲಿ ಕಾಣೋ ಮೋಡ ಮೋಡದ ವಿನ್ಯಾಸ, ಸುಲಾಂಗ್ಕರ್ ಅಂತಾರಲ್ಲ, ಅದು ಬೇರೆ ಬೇರೆ ಕಬ್ಬಿಣದ ತುಂಡು ಕೂಡಿಸಿ ಬಡಿದದ್ದು. ಬೂದು ಮೇಲೆ ಕಡುಬೂದು ಕಾಣಬೇಕು. ಬೆಳ್ಳಿಯ ಹಾಗೆ ಫಳಫಳ ಹೊಳೀತಾ ಇದ್ರೆ ಈಚಿನ ನಿಕ್ಕಲ್ ತಗಡು. ಉಜ್ಜಿದ್ರೆ ಹೋಗಿಬಿಟ್ಟರೆ ಬರೀ ಆಮ್ಲದ ಚಿತ್ತಾರ.

ತುಕ್ಕುಪುರಾಣ:
ಪದರ ಅದನೋ ಇಲ್ಲೋ ಕೈಯಾಗ ಕತ್ತಿ ಬಂದಮ್ಯಾಲ ಹಿಂಗ ನೋಡ್ರಿ. ಬಾಯಿ ಹತ್ತಿರ, ಹಿಡಿಗೆ ಸಮೀಪದಾಗ, ಎರಡು ಸೆಂಟಿಮೀಟರ್ ಚೌಕ ಜಾಗ ಆರಿಸ್ಕೊಳ್ರಿ. 400, 800, 1500 ನಂಬರಿನ ನೀರುಕಾಗದ ಒಂದಾದ ಮ್ಯಾಲೊಂದು, ಒಂದೇ ದಿಕ್ಕಿನಾಗ ತಿಕ್ರಿ. ಅಸಿಟೋನ್ ಹಾಕಿ ಎಣ್ಣಿ ತೆಗೀರಿ, ಬೆರಳು ತಾಗಸಬ್ಯಾಡ್ರಿ. ಫೆರಿಕ್ ಕ್ಲೋರೈಡ್ ಒಂದು ಪಾಲು, ನೀರು ನಾಲ್ಕು ಪಾಲು. ಹತ್ತಿಯಿಂದ ಸವರಿ 20, 30 ಸೆಕೆಂಡ್ ಬಿಡ್ರಿ. ಉಕ್ಕು ಕಪ್ಪಾಗ್ತದ, ಕಬ್ಬಿಣ ತಿಳಿಬೂದು ಉಳೀತದ. ಕೂಡ್ಲೇ ಅಡಿಗಿ ಸೋಡಾ ಕಲಿಸಿದ ನೀರಾಗ ಒರಸಿ, ಶುದ್ಧ ನೀರು, ಒಣಬಟ್ಟಿ, ಕೂದಲೊಣಗಿಸೋ ಯಂತ್ರದ ಗಾಳಿ, ಎಣ್ಣಿ. ಸೋಡಾ ಬಿಟ್ರ ನಾಳಿ ಮುಂಜಾನಿಗೆ ಕಿತ್ತಳಿ ತುಕ್ಕು. ಫೆರಿಕ್ ಕ್ಲೋರೈಡ್ ಬೆಂಗಳೂರಾಗ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡ್ಯಾಗ ಸಿಗ್ತದ, ಸರ್ಕ್ಯೂಟ್ ಹಲಿಗಿ ಮಾಡೋರು ತಗೋತಾರ.

ಹೊಸಬ 2:
ನಿಂಬೆರಸ ಸಾಲಲ್ವಾ? ಜಾವಾದವರೂ ನಿಂಬೆರಸ ಬಳಸ್ತಾರಲ್ಲ.

ತುಕ್ಕುಪುರಾಣ:
ಅವರು ನಿಂಬಿರಸದಾಗ ವಾರಂಗನ್ ಕಲಸ್ತಾರ, ಅಂದ್ರ ಪಾಷಾಣ, ಆರ್ಸೆನಿಕ್. ಅಡಿಗಿಮನ್ಯಾಗ ಆ ಸಾಹಸ ಬ್ಯಾಡ. ಬರೀ ನಿಂಬಿರಸ ಸ್ವಚ್ಛ ಮಾಡೋಕ ಆದೀತು, ಪದರ ಬೇರೆ ಮಾಡಿ ತೋರಿಸೋಕ ಭಾಳ ನಿಧಾನ.

ಕುಡ್ಲದ ಕಮ್ಮಟ:
ಅಲ್ಲ ಮಾರಾಯ್ರೇ, ನೂರು ವರ್ಷದ ಅಲಗಿಗೆ ಉಜ್ಜುಕಾಗದ ಯಾಕೆ ಹಾಕುದು? ಆ ಎರಡು ಸೆಂಟಿಮೀಟರ್ ಜಾಗ ಮತ್ತೆ ಬರ್ತದಾ? ಅರ ಹಾಕಿ ಗಟ್ಟಿ ನೋಡಿ ಅಂತ ಹೇಳುವವರೂ ಇದ್ದಾರೆ, ಅದೂ ಬೇಡ. ಬೆನ್ನಿನ ಮೇಲೆ ಒಂದು ಹನಿ ತೆಳು ಎಣ್ಣೆ ಬಿಟ್ಟು ಒರಸಿ, ಓರೆ ಬೆಳಕಲ್ಲಿ ಭೂತಗನ್ನಡಿ ಹಿಡಿಯಿರಿ. ಪದರದ ಸೀಳಿದ್ದಲ್ಲಿ ಎಣ್ಣೆ ಒಳಗೆ ಹೋಗಿ ಗೆರೆ ಕಪ್ಪಾಗಿ ಎದ್ದು ಕಾಣ್ತದೆ. ಬಾಯಿಯಲ್ಲಿ ಎಲ್ಲಾದರೂ ಹಲ್ಲು ಮುರಿದಿದ್ದರೆ ಆ ಮುರಿದ ಜಾಗವೇ ಕಿಟಕಿ: ಉಕ್ಕು ಹರಳು ಹರಳಾಗಿ ಮುರಿದಿರ್ತದೆ, ಕಬ್ಬಿಣ ಮಡಚಿರ್ತದೆ. ಹಾಳು ಮಾಡದೆ ನೋಡುವ ದಾರಿ ಇರುವಾಗ ಆಮ್ಲ ಯಾಕೆ?

ತುಕ್ಕುಪುರಾಣ:
ಭಾಳ ಸವದು ಮೈ ಪೂರಾ ಕಪ್ಪಾದ ಅಲಗಿನಾಗ ಎಣ್ಣಿ ಏನೂ ತೋರಸೂದಿಲ್ರೀ. ಆಗ ಸಣ್ಣ ಕಿಟಕಿ ಬೇಕಾಗ್ತದ. ಎರಡು ಸೆಂಟಿಮೀಟರ್ ಅಂದೆ, ಪೂರಾ ಅಲಗು ಅಂದಿಲ್ಲ.

ಕುಡ್ಲದ ಕಮ್ಮಟ:
ಆಯ್ತು, ಕೊನೆಯ ದಾರಿ ಅಂತ ಬರೆಯಿರಿ. ಇಲ್ಲದಿದ್ದರೆ ನಾಳೆ ಓದಿದವರೆಲ್ಲ ಬಾಟ್ಲಿ ಹಿಡ್ಕೊಂಡು ಕೂರ್ತಾರೆ.

ಒರೆಗಲ್ಲು:
ಹಿಡಿಯೊಳಗಿನ ಕಡ್ಡಿ ನೋಡಬೇಕು ಅಂದ್ರಲ್ಲ, ಹಿಡಿ ಬಿಚ್ಚೋದು ಹೇಗೆ? ಹಾಗೆಲ್ಲ ಬಿಚ್ಚಬಹುದಾ?

ಕುಲುಮೆಕಟ್ಟೆ:
ಸಡಿಲ ಇದ್ರೆ ಮಾತ್ರ ಬಿಚ್ಚಿ, ಗಟ್ಟಿ ಇದ್ದದ್ದನ್ನ ಕೆಣಕಬೇಡಿ. ಹಳೇ ಕ್ರಮದಲ್ಲಿ ಕಡ್ಡಿಯನ್ನ ಅರಗು ಹಾಕಿ ಕೂರಿಸಿರ್ತಾರೆ. ಅರಗು 70, 80 ಡಿಗ್ರಿಗೆ ಮೆತ್ತಗಾಗುತ್ತೆ. ಮೊದಲು ಅಡ್ಡ ಮೊಳೆ ಇದೆಯಾ ಅಂತ ಹಿಡಿಯ ಸುತ್ತ ಬೆರಳಾಡಿಸಿ ನೋಡಿ. ಮೊಳೆ ಇದ್ದು ಎಳೆದ್ರೆ ಕೋಡು ಸೀಳುತ್ತೆ. ಇಲ್ಲದಿದ್ರೆ ಅಲಗಿನ ಬಾಯಿಗೆ ದಪ್ಪ ಚರ್ಮ ಸುತ್ತಿ ಹಿಡಿದು, ಹಿಡಿಗೆ ಒದ್ದೆ ಬಟ್ಟೆ ಸುತ್ತಿ, ಕೂದಲೊಣಗಿಸೋ ಯಂತ್ರದ ಬಿಸಿಗಾಳಿಯನ್ನ ಬಳೆಯಿಂದ ಎರಡು ಬೆರಳು ಮುಂದೆ ಅಲಗಿಗೆ ಬಿಡಿ. ಕೋಡಿಗೆ ನೇರ ಬಿಸಿ ತಾಗಬಾರದು, ಒಣಗಿ ಪದರ ಎದ್ದುಬಿಡುತ್ತೆ. ಐದು ನಿಮಿಷಕ್ಕೊಮ್ಮೆ ನಿಧಾನ ನೇರಕ್ಕೆ ಎಳೆದು ನೋಡಿ, ತಿರುಚಬೇಡಿ. ಗ್ಯಾಸ್ ಜ್ವಾಲೆ, ಕುದಿಯೋ ನೀರು ಎರಡೂ ಬೇಡ. ಜ್ವಾಲೆಗೆ ಅಲಗಿನ ಹದ ಹೋಗುತ್ತೆ, ಕುದಿನೀರಿಗೆ ಕೋಡು ಸೊಟ್ಟಗಾಗುತ್ತೆ.

ಹೊರಗೆ ಬಂದ ಕಡ್ಡಿ ಚೌಕವಾಗಿ, ತುದಿಗೆ ಹೋಗ್ತಾ ಸಣ್ಣದಾಗಿ, ಸುತ್ತಿಗೆ ಏಟಿನ ಗುರುತು ಹೊತ್ತಿರಬೇಕು. ವಿದ್ಯುತ್ ವೆಲ್ಡಿಂಗ್‌ನ ಗಂಟು ಕಂಡ್ರೆ ಮುಗೀತು: ಒಂದೋ ಹೊಸದು, ಇಲ್ಲ ಮುರಿದ ಹಳೇ ಅಲಗಿಗೆ ಈಚೆಗೆ ಕಡ್ಡಿ ಸೇರಿಸಿದ್ದು. ಅಲಗಿನ ಅಗಲವೇ ಹಿಡಿಯ ಉದ್ದಕ್ಕೂ ಹೋಗಿ ಎರಡು ಕಡೆ ಚಕ್ಕೆ ಹೊಡೆದು ರಿವೆಟ್ ಹಾಕಿದ್ರೆ ಅದು ಹಳೇ ಸುಂಡಾ ಕ್ರಮವಲ್ಲ.

ರಾಜಿ ಎಚ್.:
ಬಿಚ್ಚದೆಯೇ ಅರಗಾ, ಈಗಿನ ಎಪಾಕ್ಸಿ ಅಂಟಾ ಅಂತ ಗೊತ್ತು ಮಾಡಬಹುದು. ಕತ್ತಲೆಯಲ್ಲಿ ನೇರಳಾತೀತ ಟಾರ್ಚ್ ಹಿಡಿದು ಬಳೆ ಮತ್ತು ಅಲಗು ಕೂಡೋ ಸಂದಿ ನೋಡಿ. ಅರಗು ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತೆ, ಎಪಾಕ್ಸಿ ನೀಲಿಬಿಳಿ. 365 ನ್ಯಾನೋಮೀಟರ್ ಟಾರ್ಚ್ ಕೊಳ್ಳಿ, 395ರದ್ದು ನೇರಳೆ ಬೆಳಕನ್ನೇ ಚೆಲ್ಲಿ ಬಣ್ಣ ಗೊತ್ತಾಗೋಕೆ ಬಿಡೋಲ್ಲ. ಎಪಾಕ್ಸಿ ಕಂಡ ಮಾತ್ರಕ್ಕೆ ಅಲಗು ಹೊಸದಲ್ಲ, ಹಿಡಿಯನ್ನ ಈಚೆಗೆ ಕೂರಿಸಿದ್ದಾರೆ ಅಂತಷ್ಟೇ ಅರ್ಥ.

ಒರೆಯಲ್ಲಿ ನಕ್ಷತ್ರ ಗೆರೆಯ ತಿರುಪು ಮೊಳೆ ಇದ್ರೆ 1930ರ ದಶಕದ ಮಧ್ಯಕ್ಕಿಂತ ಹಿಂದಿನದಲ್ಲ, ಆ ತಿರುಪಿನ ಪೇಟೆಂಟ್ 1936ರದ್ದು.

ಗಾಳಿಮಾತು:
ಕೋಡಿಗೆ ಕಾರ್ಬನ್ ಪರೀಕ್ಷೆ ಮಾಡಿಸಿದ್ರೆ ವರ್ಷವೇ ಸಿಗುತ್ತಲ್ಲ, ಇಷ್ಟೆಲ್ಲ ಯಾಕೆ?

ರಾಜಿ ಎಚ್.:
ಸಿಗಲ್ಲ. 1650ರಿಂದ 1950ರವರೆಗೆ ಕಾರ್ಬನ್ ಅಳತೆಯ ರೇಖೆ ಏರಿಳಿತದಲ್ಲೇ ಇದೆ. 1720 ಅಥವಾ 1830 ಅಥವಾ 1910 ಅನ್ನೋ ಥರ ಉತ್ತರ ಬರುತ್ತೆ. ಒಂದೇ ಉಪಯೋಗ: 1950ರ ದಶಕದ ಅಣುಬಾಂಬ್ ಪರೀಕ್ಷೆಗಳ ನಂತರ ಸತ್ತ ಎಮ್ಮೆಯ ಕೋಡಾದ್ರೆ ಹೆಚ್ಚುವರಿ ಕಾರ್ಬನ್ 14 ಸಿಕ್ಕಿಬೀಳುತ್ತೆ. ಆಗಲೂ ಗೊತ್ತಾಗೋದು ಹಿಡಿಯ ಕಾಲ, ಅಲಗಿನದ್ದಲ್ಲ. ಪರೀಕ್ಷೆಯ ದುಡ್ಡಿಗೆ ಇನ್ನೊಂದು ಕತ್ತಿ ಬರುತ್ತೆ.

ಬೆಳ್ಳಿಕಡ್ಡಿ:
ಬ್ರಿಟಿಷ್ ಸೈನ್ಯದ ಗೊಲೊಕ್ ಅಂತಲೂ ಮಾರ್ತಾರಲ್ಲ, ಮೊಸಳೆ ಮುದ್ರೆ ಇರೋದು?

ಅಚ್ಚುಮೊಳೆ:
ಅದು ಬರ್ಮಿಂಗ್‌ಹ್ಯಾಮಿನ ಮಾರ್ಟಿಂಡೇಲ್ ಕಂಪನಿಯದ್ದು, ಮೊಸಳೆ ಅವರ ಮುದ್ರೆ. ಮಲಯಾ ಯುದ್ಧದ ಕಾಲಕ್ಕೆ ಬಳಕೆಗೆ ಬಂದದ್ದು. ಬ್ರಿಟಿಷ್ ಸರ್ಕಾರಿ ಸಾಮಾನಿನ ಬಾಣದ ಗುರುತು, ವರ್ಷ ಅಲಗಿನ ಮೇಲೇ ಒತ್ತಿರ್ತಾರೆ, ಗುರುತಿಸೋಕೆ ಕಷ್ಟವೇ ಇಲ್ಲ. ಕಾರ್ಖಾನೆ ಮಾಲು, ಒಂದೇ ಉಕ್ಕು, ರಿವೆಟ್ ಹಿಡಿ. ಸಂಗ್ರಹಕ್ಕೆ ಅಗ್ಗ, ಆದ್ರೆ ಈ ಸಾಲಿಗೆ ಸೇರಲ್ಲ.

ಲೈಡನ್ ಕನ್ನಡಿಗ:
ಮೂಲ ಪ್ರಶ್ನೆಗೆ ಬರೋಣ. ಹರಾಜಿನವರಿಗೆ ಒಂದೇ ಮಿಂಚಂಚೆ ಬರೆದು ಇಷ್ಟು ಕೇಳಿ: ಬೆನ್ನಿನ ಉದ್ದಕ್ಕೂ ಮೇಲಿಂದ ತೆಗೆದ ಚಿತ್ರ, ಬಾಯಿಯ ಕಡೆ 5 ಸೆಂ.ಮೀ. ಜಾಗ ಓರೆ ಬೆಳಕಿನಲ್ಲಿ, ಅಕ್ಷರ ಹತ್ತಿರದಿಂದ, ಬಳೆ ಮತ್ತು ಅಲಗು ಕೂಡೋ ಜಾಗ, ಒರೆಯ ಬಾಯಿ ಎದುರಿನಿಂದ, ಮೂರು ಕಡೆಯ ದಪ್ಪ, ಒರೆ ಬಿಟ್ಟು ತೂಕ. ಸಾಮಾನ್ಯವಾಗಿ ಕೊಡ್ತಾರೆ.

ಒರೆಯ ಬಾಯಿ ಯಾಕೆ ಅಂದ್ರೆ, ಒರೆ ಆ ಅಲಗಿನದ್ದೇನಾ ಅಂತ ಅಲ್ಲಿ ಗೊತ್ತಾಗುತ್ತೆ. ಸೀಳು ಅಲಗಿಗಿಂತ ನಾಲ್ಕೈದು ಮಿ.ಮೀ. ಅಗಲ ಇದ್ದು ಬೆನ್ನಿನ ಕಡೆ ಸರಿಯಾಗಿ ಕೂತ್ರೆ ಒಳ್ಳೇ ಲಕ್ಷಣ: ಒರೆ ಮಾಡಿದಾಗ ಅಲಗು ಅಗಲ ಇತ್ತು, ಸಾಣೆ ಹಿಡಿದು ಹಿಡಿದು ಸವೆಯಿತು. ಬೆನ್ನಿನ ದಪ್ಪಕ್ಕೇ ಸೀಳು ಹೊಂದದಿದ್ರೆ ಬೇರೆ ಕತ್ತಿಯ ಒರೆ. ಹಿಡಿಯ ಕೆತ್ತನೆಯೂ ನೋಡಿ. ಜಿಂಕೆ ಗೊರಸಿನ ಆಕಾರ, ಸರಳ ಬಾಗಿದ ಆಕಾರ ಇವೆಲ್ಲ ಮಾಮೂಲು. ವಯಾಂಗ್ ಬೊಂಬೆಯ ಮುಖ, ನಾಗನ ಹೆಡೆ, ಹುಲಿ ತಲೆ ಎಲ್ಲಾ ತುಂಬಿದ್ರೆ ಪ್ರವಾಸಿಗಳಿಗೆ ಮಾಡಿದ್ದಿರಬಹುದು.

ಕುಲುಮೆಕಟ್ಟೆ:
ತೂಕಕ್ಕೆ ಒಂದು ಮಾತು. ಈ ಅಳತೆಗೆ ಒರೆ ಬಿಟ್ಟು 450ರಿಂದ 650 ಗ್ರಾಂ ಇದ್ರೆ ಹೊಂದುತ್ತೆ. 800 ದಾಟಿದ್ರೆ ಬೆನ್ನು ತುದಿವರೆಗೂ ದಪ್ಪ ಇದೆ ಅಂತ ತಿಳ್ಕೊಳ್ಳಿ, ಅಂದ್ರೆ ಪಟ್ಟಿ ಉಕ್ಕು.

ಒರೆಗಲ್ಲು:
ಮಿಂಚಂಚೆ ಕಳಿಸಿದೆ. ಕಸ್ಟಮ್ಸ್‌ಗೂ ಮೊದಲೇ ಲಿಖಿತವಾಗಿ ಕೇಳ್ತೀನಿ. ಇನ್ನೊಂದು: ಹುಸಿ ತುಕ್ಕು ಗೊತ್ತಾಗೋದು ಹೇಗೆ? ಮಳೆಗಾಲದಲ್ಲಿ ಕಾಪಾಡೋದು ಹೇಗೆ?

ಕುಡ್ಲದ ಕಮ್ಮಟ:
ಹುಸಿ ತುಕ್ಕು ಸಮವಾಗಿರ್ತದೆ. ಆಮ್ಲದಲ್ಲಿ ಅದ್ದಿದ್ದು, ಉಪ್ಪುಮಣ್ಣಲ್ಲಿ ಹೂತದ್ದು ಎಲ್ಲಾ ಕಡೆ ಒಂದೇ ಥರ ಕಿತ್ತಳೆ, ಗುಳಿಯ ಅಂಚು ಚೂಪು. ನಿಜವಾದದ್ದು ಒರೆಯ ಬಾಯಿ ತಾಗುವಲ್ಲಿ ಹೆಚ್ಚು, ಬಳೆಯ ಅಡಿಯಲ್ಲಿ ಕಡಿಮೆ, ಅಲಗಿನ ಬಾಯಿಯಲ್ಲಿ ಸಾಣೆ ಹಿಡಿದ ಕಾರಣ ಇಲ್ಲವೇ ಇಲ್ಲ. ಮೈಯ ಕಪ್ಪು ನುಣುಪು, ಅದನ್ನು ತೆಗೆಯಬಾರದು. ಕೆಂಪು ತುಕ್ಕು ಮಾತ್ರ ತೆಗೆಯಿರಿ: ಸೀಮೆಎಣ್ಣೆ ಸವರಿ ಒಂದು ರಾತ್ರಿ ಬಿಟ್ಟು, ಬಿದಿರು ಚಕ್ಕೆ ಅಥವಾ ತಾಮ್ರದ ತುಂಡಿನಿಂದ ಕೆರೆಯಿರಿ. ಕಬ್ಬಿಣದ ಬ್ರಷ್ ಬೇಡ.

ಆಮೇಲೆ ಮೆಡಿಕಲ್ ಶಾಪಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ತೆಳ್ಳಗೆ ಹಚ್ಚಿ. ತೆಂಗಿನೆಣ್ಣೆ ಬೇಡ, ಕನರಿ ಅಂಟಾಗಿ ಧೂಳು ಹಿಡಿತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅಲಗನ್ನು ಒರೆಯೊಳಗೆ ಇಟ್ಟರೆ ಮುಗಿಯಿತು, ಮರ ನೀರು ಹೀರಿ ಅಲಗಿಗೇ ಕೊಡ್ತದೆ. ಅಲಗು ಬೇರೆ, ಒರೆ ಬೇರೆ ಇಡಿ. ಮುಚ್ಚಳ ಬಿಗಿ ಇರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಅಲಗು ಇಡಿ. ಕೋಡಿನ ಹಿಡಿ ತೀರಾ ಒಣಗಿದರೆ ಬಿರಿಯುತ್ತದೆ, ಅದಕ್ಕೆ ಡಬ್ಬಿಯೊಳಗೆ ಒಂದು ತೇವಮಾಪಕ ಇಟ್ಟು ತೇವ ಶೇಕಡಾ 45, 50ರ ಆಸುಪಾಸು ನಿಲ್ಲಿಸಿ. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಮತ್ತೆ ಹಾಕಿ.

ಹೊಸಬ 2:
ಒರೆಗೆ ಗೆದ್ದಲು, ಹುಳ?

ಕುಡ್ಲದ ಕಮ್ಮಟ:
ಬೀಟೆಗೆ ಅಷ್ಟು ಬೇಗ ಹಿಡಿಯುದಿಲ್ಲ. ಕೋಡಿಗೆ ಹುಳ ಬರ್ತದೆ, ಸಣ್ಣ ತೂತು, ಕೆಳಗೆ ಪುಡಿ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ಮನೆಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ನೀರು ಹನಿಗಟ್ಟುದು ಚೀಲದ ಹೊರಗೇ ಆಗಲಿ. ಅಲಗು ಬಿಡಿಸಲು ಆಗದ ಹಿಡಿಯಾದರೆ ಅಲಗಿಗೆ ಮೊದಲು ದಪ್ಪ ಎಣ್ಣೆ.